ನೋಕಿಯಾ 6090: ಕೊಡಗಿನ ಜೀಪಿಗೆ ಹಳೇ ಕಾರ್ ಫೋನ್ ಹಾಕಿಸಬಹುದೇ?

‘ಎಂಟು ವ್ಯಾಟ್ ಸ್ವಾಮಿ, ಕಾಡಿನೊಳಗೂ ರೇಂಜ್ ಸಿಗುತ್ತೆ’ ಅಂತ ಹಳೇ ಕಾರ್ ಫೋನ್ ಮಾರುವವರು ಹೇಳುತ್ತಾರೆ. ಭಾಗಮಂಡಲದಿಂದ ಬಿರುನಾಣಿವರೆಗೆ ತಿರುವಿಗೊಮ್ಮೆ ರೇಂಜ್ ಬಂದು ಹೋಗುವ ಜಿಲ್ಲೆಯಲ್ಲಿ ಈ ಮಾತಿಗೆ ಗಿರಾಕಿ ಸುಲಭವಾಗಿ ಸಿಗುತ್ತಾರೆ. ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ನೋಕಿಯಾ 6090ರಂಥ ಈ ಫೋನಿನ ಲಾಭ ಅವರು ತೋರಿಸುವ ಎಂಟು ವ್ಯಾಟಿಗಿಂತ ಹೆಚ್ಚಾಗಿ ಜೀಪಿನ ಮೇಲೆ ನಿಲ್ಲುವ ಆಂಟೆನಾದಲ್ಲಿದೆ. ಅದನ್ನು ಸರಿಯಾಗಿ ಕೂರಿಸಿದರೆ ಸೆಟ್ ಇವತ್ತಿಗೂ ಕೆಲಸ ಮಾಡುತ್ತದೆ. ಕೂರಿಸದಿದ್ದರೆ ಅದಕ್ಕಿಂತ ಜೇಬಿನಲ್ಲಿರುವ ಮಾಮೂಲಿ ಫೋನೇ ವಾಸಿ.

ಸೆಟ್ ಅಂದರೆ ಒಂದೇ ವಸ್ತುವಲ್ಲ. ಸೀಟಿನ ಕೆಳಗೆ ಕೂತು ಸಿಗ್ನಲ್ ಕಳಿಸುವ, ಹಿಡಿಯುವ ಟ್ರಾನ್ಸ್‌ಸೀವರ್ ಡಬ್ಬ, ಸುರುಳಿ ವೈರಿನ ಹ್ಯಾಂಡ್‌ಸೆಟ್, ಅದನ್ನು ತೂಗುಹಾಕುವ ತೊಟ್ಟಿಲು, ಸ್ಪೀಕರ್, ಮೈಕ್, ಪವರ್ ವೈರಿಂಗ್, ಆಂಟೆನಾ ಎಲ್ಲ ಸೇರಿ ಒಂದು ಫೋನ್. ಒಳಗೆ ಬ್ಯಾಟರಿ ಇಲ್ಲ, ಗಾಡಿಯ 12 ವೋಲ್ಟೇ ಗತಿ. 6090 ಹಿಡಿಯುವುದು ಜಿಎಸ್‌ಎಂ 900 ಬ್ಯಾಂಡನ್ನು, ಅಂದರೆ 900 ಮೆಗಾಹರ್ಟ್ಸಿನ 2ಜಿ. ಇಂಟರ್‌ನೆಟ್, ವಾಟ್ಸಾಪ್ ಕೇಳಲೇಬೇಡಿ. ಕರೆ ಮತ್ತು ಎಸ್‌ಎಂಎಸ್, ಅಷ್ಟೇ.

ವ್ಯಾಟಿನ ಲೆಕ್ಕ ಹೀಗಿದೆ. ಕೈಯಲ್ಲಿ ಹಿಡಿಯುವ ಜಿಎಸ್‌ಎಂ 900 ಫೋನ್ ಹೆಚ್ಚೆಂದರೆ 2 ವ್ಯಾಟ್ ಬಿಡುತ್ತದೆ, ಕಾರ್ ಫೋನ್ 8 ವ್ಯಾಟ್. ನಾಲ್ಕು ಪಟ್ಟು ಅನ್ನಿಸಿದರೂ ಸಿಗ್ನಲ್ಲಿನ ಬಲ ಅಳೆಯುವ ಡೆಸಿಬೆಲ್‌ನಲ್ಲಿ ವ್ಯತ್ಯಾಸ ಬರೀ 6. ಅದೂ ಫೋನಿನಿಂದ ಟವರ್‌ಗೆ ಹೋಗುವ ದಾರಿಯಲ್ಲಿ ಮಾತ್ರ. ಟವರಿನಿಂದ ಬರುವ ಸಿಗ್ನಲ್ಲಿಗೆ ನಿಮ್ಮ 8 ವ್ಯಾಟ್‌ನಿಂದ ಏನೂ ಆಗುವುದಿಲ್ಲ. ಇನ್ನೂ ಒಂದು ತೊಡಕಿದೆ: ಫೋನ್ ಎಷ್ಟು ಪವರ್ ಬಿಡಬೇಕು ಅಂತ ತೀರ್ಮಾನಿಸುವುದು ಟವರ್. ಗಿರಾಕಿಗಳೆಲ್ಲ 2 ವ್ಯಾಟಿನ ಫೋನ್ ಇಟ್ಟುಕೊಂಡಿರುವುದರಿಂದ ಕಂಪನಿಯವರು ಸಾಮಾನ್ಯವಾಗಿ ಮಿತಿಯನ್ನು 33 ಡಿಬಿಎಂಗೆ, ಅಂದರೆ ಅದೇ 2 ವ್ಯಾಟಿಗೆ ಇಟ್ಟಿರುತ್ತಾರೆ. ಅಂಥ ಟವರಿನ ಕೆಳಗೆ 8 ವ್ಯಾಟಿನ ಸೆಟ್ಟೂ 2 ವ್ಯಾಟಿನ ಸೆಟ್ಟೇ. ಮಾರುವವರು ಇದನ್ನು ಹೇಳುವುದಿಲ್ಲ. ಎಷ್ಟೋ ಜನಕ್ಕೆ ಗೊತ್ತೂ ಇರಲಿಕ್ಕಿಲ್ಲ.

ಹಾಗಾದರೆ ರೇಂಜ್ ಹೇಗೆ ಹೆಚ್ಚಾಗುತ್ತದೆ? ಲೋಹದ ಬಾಡಿಯೊಳಗೆ ಕೂತು, ಕೈಯಲ್ಲಿ ಮುಚ್ಚಿ, ತಲೆಗೊತ್ತಿ ಹಿಡಿದ ಫೋನ್ ಎರಡೂ ದಿಕ್ಕಿನಲ್ಲಿ ಹಲವು ಡೆಸಿಬೆಲ್ ಕಳೆದುಕೊಳ್ಳುತ್ತದೆ. ಗಾಡಿಯ ನೆತ್ತಿಯ ಮೇಲೆ ನಿಂತ ಆಂಟೆನಾಗೆ ಈ ನಷ್ಟ ಒಂದೂ ಇಲ್ಲ. ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ರಸ್ತೆಯಲ್ಲೋ ಒಂದು ಕಡ್ಡಿ ತೋರಿಸಿ ಕಟ್ ಆಗುವ ಕರೆ ಈ ವ್ಯತ್ಯಾಸಕ್ಕೇ ನಿಲ್ಲುತ್ತದೆ. ಸೊನ್ನೆ ಇರುವ ಕಡೆ ಮಾತ್ರ ಯಾವ ಫೋನೂ ಟವರನ್ನು ಹುಟ್ಟಿಸುವುದಿಲ್ಲ. ಗುಡ್ಡ ಅಡ್ಡ ಬಂದರೆ ಮುಗೀತು.

ಕೊಳ್ಳುವ ಮೊದಲೇ ನೋಡಬೇಕಾದದ್ದು ನಿಮ್ಮ ತೋಟದ ಕಡೆ 900ರ 2ಜಿ ಯಾರದ್ದಿದೆ ಎಂಬುದು. ಜಿಯೋಗೆ 2ಜಿಯೇ ಇಲ್ಲ, ಹಾಗಾಗಿ ಆ ಸಿಮ್ಮಿನ ಮಾತೇ ಬೇಡ. ಬಿಎಸ್‌ಎನ್‌ಎಲ್, ಏರ್‌ಟೆಲ್, ವಿಐ ಸಿಮ್ ಇರುವ ಆಂಡ್ರಾಯ್ಡ್ ಫೋನನ್ನು ಸೆಟ್ಟಿಂಗ್‌ನಲ್ಲಿ ‘2ಜಿ ಮಾತ್ರ’ ಎಂದು ಮಾಡಿ, ನೆಟ್‌ಮಾನ್‌ಸ್ಟರ್ ಥರದ ಆ್ಯಪ್‌ನಲ್ಲಿ ಎಆರ್‌ಎಫ್‌ಸಿಎನ್ ಎಂಬ ಅಂಕಿ, ಅಂದರೆ ಟವರಿನ ಚಾನೆಲ್ ನಂಬರ್ ನೋಡಿ. 1ರಿಂದ 124ರ ಒಳಗಿದ್ದರೆ ಅದು ಹಳೇ ಜಿಎಸ್‌ಎಂ 900, ಎಲ್ಲ ಜಿಎಸ್‌ಎಂ 900 ಕಾರ್ ಫೋನೂ ಹಿಡಿಯುತ್ತದೆ. 975ರಿಂದ 1023 ಇದ್ದರೆ ಅದು ಆಮೇಲೆ ಸೇರಿಸಿದ ಇ-ಜಿಎಸ್‌ಎಂ ಭಾಗ. ಮೊದಲ ಕಾಲದ ಸೆಟ್‌ಗಳಿಗೆ ಅದು ಕಾಣಿಸುವುದೇ ಇಲ್ಲ. 512ರಿಂದ 885 ಎಂದರೆ 1800 ಬ್ಯಾಂಡ್, 900 ಮಾತ್ರ ಹಿಡಿಯುವ ಸೆಟ್ಟಿಗೆ ಅದೂ ಸಿಗದು. ‘ಪಕ್ಕದಲ್ಲೇ ಟವರ್ ಇದೆ, ಈ ಫೋನಿಗೆ ಮಾತ್ರ ರೇಂಜಿಲ್ಲ’ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ. ಮನೆ ಅಂಗಳದಲ್ಲಿ ಒಮ್ಮೆ ನೋಡಿ ಬಿಟ್ಟರೆ ಸಾಲದು. ಗೇಟು, ಲೈನ್ ಮನೆ, ಪಂಪ್‌ಹೌಸ್, ತೋಟದ ಆ ತುದಿ, ಜೀಪು ನಿಲ್ಲುವ ಕಡೆಯೆಲ್ಲ ನೋಡಿ ಬರೆದಿಟ್ಟುಕೊಳ್ಳಿ.

ಅಮೆರಿಕದಲ್ಲಿರುವ ನೆಂಟರು ತಂದುಕೊಟ್ಟ ಮೊಟೊರೊಲಾ ಕಾರ್ ಫೋನ್ ಅಟ್ಟದ ಮೇಲಿದ್ದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. 1983ರ ಅಕ್ಟೋಬರ್ 13ರಂದು ಶಿಕಾಗೊದಲ್ಲಿ ಶುರುವಾದ ಎಎಂಪಿಎಸ್ ಎಂಬ ಅನಲಾಗ್ ವ್ಯವಸ್ಥೆಯ ಸೆಟ್ ಅದು. ಸಿಮ್ ಎಂಬುದೇ ಇರಲಿಲ್ಲ. ಚಾಲೂ ಮಾಡಬೇಕಾದರೆ ಗಿರಾಕಿ ಸೆಟ್ಟಿನ ಸೀರಿಯಲ್ ನಂಬರನ್ನು ಕಂಪನಿಗೆ ಬರೆಸಬೇಕು. ಆಮೇಲೆ ಡೀಲರು ಎನ್‌ಎಎಂ ಎಂಬ ಮೆಮೊರಿಗೆ 10 ಅಂಕಿಯ ಫೋನ್ ನಂಬರ್, ಊರಿನ ಸಿಸ್ಟಂ ಐಡಿ, ಲಾಕ್ ಕೋಡ್ ತುಂಬುತ್ತಿದ್ದರು.   ಸಿಸ್ಟಂ ಐಡಿಯ ಒಂದು ಅಂಕಿ ತಪ್ಪಿದರೂ ಫೋನ್ ತನ್ನ ಊರಿನಲ್ಲೇ ರೋಮಿಂಗ್ ತೋರಿಸಿಕೊಂಡು ಕೂರುತ್ತಿತ್ತು. ಅಲ್ಲಿಯ ಸರ್ಕಾರ 2008ರ ಫೆಬ್ರವರಿ 18ರಿಂದ ಅನಲಾಗ್ ನಡೆಸಲೇಬೇಕೆಂಬ ಕಟ್ಟುಪಾಡು ತೆಗೆದ ಮೇಲೆ ಆ ಜಾಲ ಮುಚ್ಚಿಹೋಯಿತು. ಭಾರತದಲ್ಲಿ ಮೊಬೈಲ್ ಶುರುವಾದದ್ದು 1995ರ ಜುಲೈ 31ಕ್ಕೆ, ಅದೂ ನೇರ ಜಿಎಸ್‌ಎಂನಲ್ಲಿ. ಹಾಗಾಗಿ ಆ ಡಬ್ಬ ಶೋಕೇಸಿಗೆ ಚೆಂದ, ಅಷ್ಟೇ.

ಜಿಎಸ್‌ಎಂ ಸೆಟ್ ಕೈಗೆ ಬಂದರೆ ಮೊದಲು ಹ್ಯಾಂಡ್‌ಸೆಟ್ಟಿನ ಸುರುಳಿ ವೈರನ್ನು ಪೂರ್ತಿ ಎಳೆದು ನೋಡಿ. ವರ್ಷಗಟ್ಟಲೆ ಬಿಸಿಲಿನಲ್ಲಿ ಬೆಂದ ವೈರು ಗಡುಸಾಗಿ, ಬಗ್ಗಿಸಿದ ಕಡೆ ಬಿರುಕು ಬಿಟ್ಟಿರುತ್ತದೆ. ಬದಲಿ ವೈರು ಸಿಗುವುದಿಲ್ಲ, ಹಾಗಾಗಿ ಇದೊಂದು ಕೆಟ್ಟಿದ್ದರೂ ಸೆಟ್ ಬಿಟ್ಟುಬಿಡಿ. ಟ್ರಾನ್ಸ್‌ಸೀವರ್ ಡಬ್ಬದ ಕನೆಕ್ಟರ್ ಒಳಗೆ ಟಾರ್ಚ್ ಬಿಟ್ಟು ಹಸಿರು ಕಿಲುಬು ಇದೆಯಾ ನೋಡಿ, ಮೂಗಿನ ಹತ್ತಿರ ಹಿಡಿದು ಮೂಸಿ. ಕೆಪಾಸಿಟರ್ ಸೋರಿದ್ದರೆ ಮೀನಿನ ಥರ ವಾಸನೆ ಬರುತ್ತದೆ. ಮೂಲ ವೈರಿಂಗ್ ಇಲ್ಲದ ಸೆಟ್ಟಿಗೆ ಅರ್ಧಕ್ಕಿಂತ ಹೆಚ್ಚು ಬೆಲೆ ಕೊಡಬೇಡಿ, ಆ ಪ್ಲಗ್ಗುಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಆಂಟೆನಾ ಇಲ್ಲದಿದ್ದರೆ ಚಿಂತೆಯಿಲ್ಲ, ಅದು ಹೊಸದೇ ಬೇಕು.

ಡಬ್ಬದ ಲೇಬಲ್ಲಿನ ಮೇಲೆ 15 ಅಂಕಿಯ ಐಎಂಇಐ, ಅಂದರೆ ಸೆಟ್ಟಿನ ಗುರುತಿನ ನಂಬರ್ ಇರುತ್ತದೆ. ಫೋನ್ ಆನ್ ಆದ ಮೇಲೆ *#06# ಒತ್ತಿ, ಎರಡೂ ಒಂದೇನಾ ನೋಡಿ. ದುಡ್ಡು ಕೊಡುವ ಮೊದಲು ಬೇರೆ ಮೊಬೈಲಿನಿಂದ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ, ಒಂದು ಜಾಗ ಬಿಟ್ಟು ಐಎಂಇಐ ಬರೆದು 14422ಗೆ ಎಸ್‌ಎಂಎಸ್ ಮಾಡಿ. ಕಪ್ಪುಪಟ್ಟಿ ಅಂತಲೋ ನಕಲಿ ಅಂತಲೋ ಉತ್ತರ ಬಂದರೆ ಆ ಸೆಟ್ ಬೇಡವೇ ಬೇಡ.

ಇನ್ನು ಸಿಮ್. ಜನ ಅತಿ ಹೆಚ್ಚು ಸೋಲುವುದು ಇಲ್ಲಿಯೇ. ಮೊದಲ ಪೀಳಿಗೆಯ ಜಿಎಸ್‌ಎಂ ಸೆಟ್‌ಗಳು ಸಿಮ್ಮಿಗೆ 5 ವೋಲ್ಟ್ ಕೊಡುತ್ತವೆ. ಈಗಿನ ಸಿಮ್‌ಗಳು 3 ಮತ್ತು 1.8 ವೋಲ್ಟಿನವು. ಸೆಟ್ಟಿಗೂ ಸಿಮ್ಮಿಗೂ ಹೊಂದಿಕೆಯಾಗದಿದ್ದರೆ ಸಿಮ್ ಸರಿಯಾಗಿದ್ದರೂ ಪರದೆ ‘ಸಿಮ್ ಹಾಕಿ’ ಅನ್ನುತ್ತಲೇ ಇರುತ್ತದೆ. ಇದಕ್ಕೆ ರಿಪೇರಿ ಇಲ್ಲ. ನೀವು ಬಳಸಲಿರುವ ಸಿಮ್ಮನ್ನೇ ತೆಗೆದುಕೊಂಡು ಹೋಗಿ ಮಾರುವವರ ಎದುರಿಗೇ ಹಾಕಿ ನೋಡುವುದೊಂದೇ ದಾರಿ. ಸೈಜಿನ ಗೋಳು ಬೇರೆ. ಹಳೇ ಸೆಟ್‌ಗಳಲ್ಲಿ ಕೆಲವಕ್ಕೆ ಎಟಿಎಂ ಕಾರ್ಡಿನಷ್ಟು ದೊಡ್ಡ ಸಿಮ್ ಬೇಕು, ಉಳಿದವಕ್ಕೆ ಮಿನಿ ಸೈಜು. ನ್ಯಾನೊ ಸಿಮ್ಮನ್ನು ಅಡಾಪ್ಟರಿನಲ್ಲಿ ತುರುಕಿದರೆ ಅಂಗಡಿಯಲ್ಲಿ ಕೆಲಸ ಮಾಡುತ್ತದೆ, ತೋಟದ ಕಲ್ಲುರಸ್ತೆಯಲ್ಲಿ ಕೈಕೊಡುತ್ತದೆ. ನ್ಯಾನೊ 0.67 ಮಿ.ಮೀ. ದಪ್ಪ, ಮಿನಿ 0.76. ಆ ಸಂದಿನಲ್ಲಿ ಸಿಮ್ ಅಲುಗಾಡಿ ಸಂಪರ್ಕ ತಪ್ಪುತ್ತದೆ. ಆದ್ದರಿಂದ ಹೊಸ ಸಿಮ್ ತೆಗೆದುಕೊಳ್ಳುವಾಗಲೇ ‘ಮುರಿಯಬೇಡಿ, ಕಾರ್ಡ್ ಹಾಗೇ ಕೊಡಿ’ ಅನ್ನಿ. ಮೂರು ಸೈಜಿನ ಗೆರೆ ಇರುವ ಕಾರ್ಡಿನಿಂದ ಮಿನಿ ಸೈಜು ಮಾತ್ರ ಬಿಡಿಸಿಕೊಳ್ಳಿ. ದೊಡ್ಡ ಸೈಜು ಬೇಕಿದ್ದವರು ಏನೂ ಮುರಿಯದೆ ಇಡೀ ಕಾರ್ಡ್ ಹಾಕಬಹುದು. ಕೆಲವು ಕಡೆ ಅರ್ಧ ಕಾರ್ಡ್ ಕೊಡುತ್ತಾರೆ, ಅದು ಆಗುವುದಿಲ್ಲ.

ಚಾಲೂ ಮಾಡುವುದು ಮಾಮೂಲಿ ಸಿಮ್ಮಿನ ಹಾಗೆಯೇ: ಅಂಗಡಿಯಲ್ಲಿ ಆಧಾರ್ ಕೆವೈಸಿ, ಆಮೇಲೆ ದೃಢೀಕರಣದ ಕರೆ. ಏರ್‌ಟೆಲ್, ವಿಐ ಆದರೆ 59059, ಬಿಎಸ್‌ಎನ್‌ಎಲ್ ಆದರೆ 1507. ಇದನ್ನು ಕಾರ್ ಫೋನಿನಲ್ಲಿ ಮಾಡಲು ಹೋಗಬೇಡಿ. ಯಾವುದಾದರೂ ಹಳೇ ಕೀಪ್ಯಾಡ್ ಫೋನಿಗೆ ಸಿಮ್ ಹಾಕಿ, ದೃಢೀಕರಣ ಮುಗಿಸಿ, ಒಂದು ಒಳಕರೆ, ಒಂದು ಹೊರಕರೆ ನೋಡಿ, ಸಿಮ್ ಪಿನ್ ತೆಗೆದುಬಿಡಿ. ಪಿನ್ ಉಳಿಸಿದರೆ ಪ್ರತಿ ಸಲ ಕೀ ತಿರುಗಿಸಿದಾಗಲೂ ಒತ್ತಬೇಕಾಗುತ್ತದೆ, ಡ್ರೈವರ್ ಮೂರು ಸಲ ತಪ್ಪು ಒತ್ತಿದರೆ ಸಿಮ್ ಬಿಡಿಸುವ ಪಿಯುಕೆ ಕೋಡ್ ಕೇಳುತ್ತದೆ. ಹಳೇ ನಂಬರಿಗೇ ಹೊಸ ಸಿಮ್ ಮಾಡಿಸಿದವರಿಗೆ ಮೊದಲ 24 ಗಂಟೆ ಎಸ್‌ಎಂಎಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಅದು ಸರ್ಕಾರದ ನಿಯಮ, ಸೆಟ್ಟನ್ನು ಬೈಯಬೇಡಿ.

ಕರೆನ್ಸಿಗೆ ಡೇಟಾ ಪ್ಯಾಕ್ ಹಾಕಿಸಿ ದುಡ್ಡು ಪೋಲು ಮಾಡುವ ಅಗತ್ಯವಿಲ್ಲ. ಟ್ರಾಯ್ ಆದೇಶದ ಮೇಲೆ ಕರೆ-ಎಸ್‌ಎಂಎಸ್ ಮಾತ್ರದ ಪ್ಯಾಕುಗಳು ಬಂದಿವೆ. 2025ರ ಆರಂಭದಲ್ಲಿ ಏರ್‌ಟೆಲ್ 84 ದಿನಕ್ಕೆ 469, ವರ್ಷಕ್ಕೆ 1,849 ರೂಪಾಯಿ ಇಟ್ಟಿತ್ತು. ಈಗಿನ ದರ ಅಂಗಡಿಯಲ್ಲಿ ಕೇಳಿ.

ಈಗ ಆಂಟೆನಾ. 900 ಬ್ಯಾಂಡಿನ ಕಾಲು-ತರಂಗದ, ಅಂದರೆ ತರಂಗದ ಉದ್ದದ ಕಾಲು ಭಾಗದಷ್ಟಿರುವ ಕಡ್ಡಿ ಸುಮಾರು 8 ಸೆಂ.ಮೀ. ಉದ್ದ. ಅದು ಕೆಲಸ ಮಾಡಬೇಕಾದರೆ ಬುಡದಲ್ಲಿ ಸುತ್ತಲೂ ಕನಿಷ್ಠ ಅಷ್ಟೇ ಅಗಲದ ಲೋಹದ ನೆಲ ಬೇಕು. ಬೊಲೆರೊ ಥರದ ಗಾಡಿಗೆ ಚಾವಣಿಯ ನಡುವೆ ಮ್ಯಾಗ್ನೆಟ್ ಆಂಟೆನಾ ಇಟ್ಟರೆ ಮುಗೀತು. ಟಾರ್ಪಾಲ್ ಹುಡ್ಡಿನ ಮಹೀಂದ್ರಾ ಜೀಪಿನಲ್ಲಿ ತಕರಾರು ಶುರು. ಹುಡ್ಡಿನ ಕಂಬಿಗೆ ಬರೀ ಕಡ್ಡಿ ಕಟ್ಟಿದವರಿಗೆ ರೇಂಜ್ ಜೇಬಿನ ಫೋನಿಗಿಂತ ಕಡಿಮೆ ಬರುವುದು ಲೋಹದ ನೆಲ ಇಲ್ಲದ್ದಕ್ಕೇ. 20 ಸೆಂ.ಮೀ. ಚೌಕದ ಜಿಐ ಶೀಟ್ ಕತ್ತರಿಸಿ ಹುಡ್ಡಿನ ಕಂಬಿಯ ಮೇಲೆ ಬೋಲ್ಟ್ ಹಾಕಿ, ಅದರ ನಡುವೆ ಆಂಟೆನಾ ಕೂರಿಸಬೇಕು. ಬಾನೆಟ್ ಮೂಲೆಯಲ್ಲಿ ಎಲ್ ಆಕಾರದ ಬ್ರಾಕೆಟ್ ಹಾಕುವುದು ಎರಡನೇ ದಾರಿ. ಅಲ್ಲಿ ಜೀಪಿನ ಮೈಯೇ ಒಂದು ಕಡೆ ಅಡ್ಡವಾಗುವುದರಿಂದ ಆ ದಿಕ್ಕಿನಲ್ಲಿ ರೇಂಜ್ ಸೊರಗುತ್ತದೆ.

‘ಹೈ ಗೇನ್’ ಎಂಬ ಉದ್ದನೆಯ ಆಂಟೆನಾಕ್ಕೆ ಆಸೆಪಡಬೇಡಿ. ಅದು ಶಕ್ತಿಯನ್ನೆಲ್ಲ ಅಡ್ಡಡ್ಡ ತೆಳ್ಳಗೆ ಹರಡುತ್ತದೆ. ಬಯಲುಸೀಮೆಗೆ ಸರಿ. ಟವರ್ ಗುಡ್ಡದ ತುದಿಯಲ್ಲಿ, ಜೀಪು ಕೆಳಗೆ ಹೊಳೆ ಬದಿಯಲ್ಲಿ, ಅದೂ ಇಳಿಜಾರಿನಲ್ಲಿ ಓರೆಯಾಗಿ ಇರುವ ನಮ್ಮ ಕಡೆ ಆ ತೆಳು ಪದರ ಟವರನ್ನು ತಪ್ಪಿಸಿಕೊಂಡೇ ಹೋಗುತ್ತದೆ. ಗಿಡ್ಡ ಕಾಲು-ತರಂಗದ್ದೇ ಒಳ್ಳೆಯದು. ಕೊಂಬೆ ಬಡಿದು ಮುರಿಯುವುದೂ ಕಡಿಮೆ.

ಕೇಬಲ್ಲಿನ ಬಗ್ಗೆ ಜಿಪುಣತನ ಬೇಡ. ಮಾಮೂಲಿ ಆರ್‌ಜಿ-58 ಕೇಬಲ್ 900 ಬ್ಯಾಂಡಿನಲ್ಲಿ ಮೀಟರಿಗೆ ಸುಮಾರು ಅರ್ಧ ಡೆಸಿಬೆಲ್ ತಿನ್ನುತ್ತದೆ. ಐದು ಮೀಟರ್ ಹಾಕಿ ಉಳಿದದ್ದನ್ನು ಸೀಟಿನಡಿ ಸುತ್ತಿಟ್ಟರೆ ಹತ್ತಿರ ಹತ್ತಿರ ಅರ್ಧ ಪವರ್ ಅಲ್ಲೇ ಹೋಯಿತು. ಎಲ್‌ಎಂಆರ್-240 ಆದರೆ ನಷ್ಟ ಅದರ ಅರ್ಧ, ಆದರೆ ದಪ್ಪ, ಬಗ್ಗುವುದು ಕಡಿಮೆ. ಬೇಕಾದಷ್ಟೇ ಉದ್ದ ಅಳೆದು ಕತ್ತರಿಸಿ. ಯುರೋಪಿನ ಕಾರ್ ಫೋನುಗಳಲ್ಲಿ ಸಾಮಾನ್ಯವಾಗಿ ಎಫ್‌ಎಂಇ ಎಂಬ ಜಾತಿಯ ಆಂಟೆನಾ ಕನೆಕ್ಟರ್ ಇರುತ್ತದೆ. ಮಡಿಕೇರಿ, ಗೋಣಿಕೊಪ್ಪದಲ್ಲಿ ಹುಡುಕಿ ಕಾಲ ಕಳೆಯುವ ಬದಲು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಬಲ್ಲು, ಕನೆಕ್ಟರು ಎರಡನ್ನೂ ಒಟ್ಟಿಗೆ ಕ್ರಿಂಪ್ ಮಾಡಿಸಿಕೊಂಡು, ಅಂದರೆ ಒತ್ತಿ ಬಿಗಿಸಿಕೊಂಡು ಬನ್ನಿ. ಬೆಸುಗೆ ಹಾಕಿದ ಕನೆಕ್ಟರ್ ಜೀಪಿನ ಕುಲುಕಾಟಕ್ಕೆ ಬಿಟ್ಟುಕೊಳ್ಳುತ್ತದೆ. ಆಂಟೆನಾ ಸಿಕ್ಕಿಸದೆ ಸೆಟ್ಟನ್ನು ಆನ್ ಮಾಡಲೇಬೇಡಿ, ಪವರೆಲ್ಲ ವಾಪಸ್ ಬಂದು ಆಂಪ್ಲಿಫೈಯರ್ ಸುಟ್ಟೀತು.

‘ಮಳೆಗೆ ರೇಂಜ್ ಹೋಗುತ್ತೆ’ ಅನ್ನುತ್ತಾರಲ್ಲ, 900 ಬ್ಯಾಂಡಿನ ಸಿಗ್ನಲ್ಲಿಗೆ ಬರೀ ಮಳೆಹನಿಯಿಂದ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿದಿರುತ್ತದೆ, ಅಥವಾ ಟವರಿಂದ ಟವರಿಗೆ ಇರುವ ಮೈಕ್ರೋವೇವ್ ಕೊಂಡಿ ಜಡಿಮಳೆಗೆ ಸೊರಗುತ್ತದೆ, ಅಥವಾ ನೆನೆದ ಸಿಲ್ವರ್ ಓಕಿನ ಎಲೆಗಳು ಸಿಗ್ನಲ್ ಹೀರುತ್ತವೆ. ಇವು ಮೂರೂ ನಿಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಕನೆಕ್ಟರಿಗೆ ನೀರು ಸೇರದ ಹಾಗೆ ನೋಡಿಕೊಳ್ಳುವುದು. ಕರೆಂಟಿನವರ ಕಪ್ಪು ಇನ್ಸುಲೇಷನ್ ಟೇಪ್ ಒಂದು ಜೂನ್ ಕೂಡ ತಡೆಯುವುದಿಲ್ಲ. ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಂಡು ಒಂದಾಗುವ ರಬ್ಬರ್ ಟೇಪ್ ಸುತ್ತಿ, ಕೇಬಲ್ ಒಳಗೆ ಹೋಗುವ ಮುಂಚೆ ಕೆಳಮುಖವಾಗಿ ಒಂದು ಬಳುಕು ಬಿಡಿ. ನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಒಮ್ಮೆ ಕೇಬಲ್ಲಿನ ಜಾಲರಿಯೊಳಗೆ ನೀರು ಹತ್ತಿದರೆ ಒಣಗಿಸಿ ಪ್ರಯೋಜನವಿಲ್ಲ, ಕೇಬಲ್ಲೇ ಬದಲಿಸಬೇಕು.

ಪವರಿಗೆ ಮುಖ್ಯವಾಗಿ ಮೂರು ವೈರು: ಬ್ಯಾಟರಿ ಪ್ಲಸ್, ಅರ್ಥ್, ಇಗ್ನಿಷನ್. ಬಣ್ಣ ನಂಬಬೇಡಿ, ಹಿಂದಿನ ಮಾಲೀಕರ ಮೆಕ್ಯಾನಿಕ್ ಏನೇನು ಜೋಡಿಸಿದ್ದಾನೋ. ಮಲ್ಟಿಮೀಟರ್ ಹಿಡಿದು ನೋಡಿ. ಪ್ಲಸ್ ನೇರ ಬ್ಯಾಟರಿಗೆ ಹೋಗಬೇಕು, ಫ್ಯೂಸ್ ಬ್ಯಾಟರಿಯ ಬಳಿಯೇ ಇರಬೇಕು. ಇಗ್ನಿಷನ್ ವೈರನ್ನೂ ಸೋಮಾರಿತನಕ್ಕೆ ಬ್ಯಾಟರಿಗೇ ಸೇರಿಸುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಹಾಗೆ ಮಾಡಿದರೆ ಫೋನ್ ಆರುವುದೇ ಇಲ್ಲ, ಆಟಿಯ ಮಳೆಯಲ್ಲಿ ವಾರ ಶೆಡ್ಡಿನಲ್ಲಿ ನಿಂತ ಜೀಪು ಸ್ಟಾರ್ಟ್ ಆಗುವುದಿಲ್ಲ. ಅರ್ಥ್ ವೈರನ್ನು ತುಕ್ಕು ಹಿಡಿದ ಬೋಲ್ಟಿಗೆ ಕಟ್ಟಿದರೆ ಸೆಲ್ಫ್ ಹೊಡೆದಾಗಲೆಲ್ಲ ಫೋನ್ ಆಫ್ ಆಗಿ ಆನ್ ಆಗುತ್ತದೆ. ಬಣ್ಣ ಕೆರೆದು ಬಿಗಿಯಬೇಕು. ಲಾರಿಗೆ ಹಾಕುವವರು 24 ವೋಲ್ಟಿಗೆ ಕನ್ವರ್ಟರ್ ಇಲ್ಲದೆ ಮುಟ್ಟಬೇಡಿ.

ಧ್ವನಿ ಚೆನ್ನಾಗಿದೆ. ಹ್ಯಾಂಡ್‌ಸೆಟ್ಟಿನ ಇಯರ್‌ಪೀಸ್ ಸ್ಮಾರ್ಟ್‌ಫೋನಿಗಿಂತ ಜೋರು, ತುಂಬು. ಹ್ಯಾಂಡ್ಸ್‌ಫ್ರೀ ಬೊಲೆರೊದಲ್ಲಿ ಗಾಜು ಏರಿಸಿದರೆ ಪರವಾಗಿಲ್ಲ. ಟಾರ್ಪಾಲಿನ ಮೇಲೆ ಮಳೆ ಬೀಳುವಾಗ ಡೀಸೆಲ್ ಜೀಪಿನಲ್ಲಿ ಅದು ದಂಡ, ಆಚೆಯವರಿಗೆ ಮಳೆ ಮಾತ್ರ ಕೇಳಿಸುತ್ತದೆ. ಓಡಿಸುತ್ತ ಹ್ಯಾಂಡ್‌ಸೆಟ್ ಹಿಡಿಯುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಇದಕ್ಕೂ ಅನ್ವಯಿಸುತ್ತದೆ. ಸ್ಟೀರಿಯೊ ವೈರಿನ ಪಕ್ಕ ಆಂಟೆನಾ ಕೇಬಲ್ ಎಳೆದರೆ ಕರೆ ಬರುವ ಮುಂಚೆ ಸ್ಪೀಕರಿನಲ್ಲಿ ಗರ್‌ಗರ್ ಸದ್ದು. ಎರಡನ್ನೂ ಗಾಡಿಯ ಬೇರೆ ಬೇರೆ ಬದಿಯಲ್ಲಿ ಎಳೆಯಿರಿ.

ಬಳಕೆಯಲ್ಲಿ ಸಣ್ಣ ಕಿರಿಕಿರಿಗಳಿವೆ. ಕಂಪನಿಯವರು ಕನ್ನಡದಲ್ಲಿ ಕಳಿಸುವ ಎಸ್‌ಎಂಎಸ್ ಬರೀ ಚೌಕಗಳಾಗಿ ಕಾಣುತ್ತದೆ. ಜಾಹೀರಾತಿನ ಎಸ್‌ಎಂಎಸ್‌ಗಳು ತುಂಬಿ ಲಕೋಟೆ ಚಿಹ್ನೆ ಮಿನುಗತೊಡಗಿದರೆ ಅಳಿಸುವ ತನಕ ಹೊಸದು ಬರುವುದಿಲ್ಲ. ಕುಟ್ಟ, ಮಾಕುಟ್ಟದ ಕಡೆ ಕೇರಳದ ಟವರ್ ಹಿಡಿದುಕೊಂಡು ಈಚೆ ಬಂದರೂ ಬಿಡದಿದ್ದರೆ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಮಾಂದಲ್‌ಪಟ್ಟಿಯಂಥ ಎತ್ತರದಲ್ಲಿ ಕಡ್ಡಿ ತುಂಬಿದ್ದೂ ಕರೆ ಹೋಗದಿದ್ದರೆ ಸೆಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಜಿಎಸ್‌ಎಂ ಟವರ್ ಸಾಮಾನ್ಯವಾಗಿ 35 ಕಿ.ಮೀ. ಆಚೆಯ ಫೋನಿಗೆ ಕೊಂಡಿ ಕೊಡುವುದಿಲ್ಲ, ಅಲ್ಲಿಂದ ಕಾಣುವ ಬಯಲಿನ ಟವರ್ ಅದಕ್ಕಿಂತ ದೂರ ಇರಬಹುದು.

ಇದರ ಬದಲು ‘ಸಿಗ್ನಲ್ ಬೂಸ್ಟರ್’ ಹಾಕಿಸಿ ಅನ್ನುವವರ ಮಾತು ಕೇಳಬೇಡಿ. ಖಾಸಗಿಯವರು ಅನುಮತಿ ಇಲ್ಲದೆ ಬೂಸ್ಟರ್ ಇಟ್ಟುಕೊಳ್ಳುವುದು ಕಾನೂನುಬಾಹಿರ, ಅದು ಸುತ್ತಲಿನವರ ರೇಂಜನ್ನೂ ಕೆಡಿಸುತ್ತದೆ. ನಿಜವಾದ ಪೈಪೋಟಿ ಇರುವುದು ಆಂಟೆನಾ ಸಾಕೆಟ್ ಇರುವ, ಮೇಜಿನ ಮೇಲಿಡುವ 4ಜಿ ವೊಲ್ಟಿ ಫೋನಿನಿಂದ, ಅಂದರೆ 4ಜಿಯಲ್ಲೇ ಕರೆ ಮಾಡುವ ಫೋನಿನಿಂದ. 12 ವೋಲ್ಟ್ ಅಡಾಪ್ಟರಿನಿಂದ ಅದನ್ನೂ ಜೀಪಿನಲ್ಲಿ ಓಡಿಸಬಹುದು, ಮೇಲೆ ಹೇಳಿದ ಆಂಟೆನಾದ ಕೆಲಸವೆಲ್ಲ ಅದಕ್ಕೂ ಹಾಗೆಯೇ. ನಿಮ್ಮ ಸಿಮ್ಮಿನಲ್ಲಿ ವೊಲ್ಟಿ ಕರೆ ಹೋಗುತ್ತದೆಯೇ ಅಂತ ಅಂಗಡಿಯಲ್ಲೇ ನೋಡಿ, ಎಲ್ಲ ಸೆಟ್ಟಿಗೂ ಎಲ್ಲ ಕಂಪನಿಯದ್ದೂ ಹೋಗುವುದಿಲ್ಲ.

ತೋಟದ ಸುತ್ತ 900ರ 2ಜಿ ಗಟ್ಟಿಯಾಗಿದ್ದು, ಪೂರ್ತಿ ವೈರಿಂಗಿನೊಡನೆ, ನಿಮ್ಮ ಸಿಮ್ ಒಪ್ಪುವ ಸೆಟ್ ಸಿಕ್ಕರೆ 6090ಕ್ಕೆ ಐದರಲ್ಲಿ ಮೂರೂವರೆ ಅಂಕ ಕೊಡಬಹುದು. ಇವುಗಳಲ್ಲಿ ಒಂದು ತಪ್ಪಿದರೂ 4ಜಿ ಮೇಜು ಫೋನಿಗೇ ಹೋಗಿ. ಯಾವುದನ್ನು ಕೊಂಡರೂ ಆಂಟೆನಾ, ಕೇಬಲ್, ರಬ್ಬರ್ ಟೇಪಿನ ಖರ್ಚನ್ನು ಮೊದಲೇ ಬೇರೆಯಾಗಿ ತೆಗೆದಿಡಿ, ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಹುಡ್ ಬಿಚ್ಚಿ ಶೀಟ್ ಕೂರಿಸಲು ಯಾವ ಮೆಕ್ಯಾನಿಕ್ಕೂ ಬರುವುದಿಲ್ಲ.